ಪಿ ಸುಯಿ ತಿಯಾಲ್ ಎತ್ತಿಟ್ಟ ಅಕ್ಕಿ

ಪಿ ಸುಯಿ ತಿಯಾಲ್ ಯಾರನ್ನೂ ಏನನ್ನೂ ಬೇಡಿದವಳಲ್ಲ. ತನ್ನದನ್ನು ವಾಪಸು ಪಡೆಯಲು ಬಂದವಳ ಹಾಗೆ ಬುಟ್ಟಿಯನ್ನು ಮುಂದೆ ಹಿಡಿಯುತ್ತಿದ್ದಳು. ದೇಶದ ಗಡಿಗೆ ಅಂಟಿದ ನಮ್ಮ ಚಿನ್ ಬೆಟ್ಟಗಳಲ್ಲಿ ಪಿ ಎಂದರೆ ಅಜ್ಜಿ, ಪು ಎಂದರೆ ಅಜ್ಜ. ಇಲ್ಲಿ ಅನ್ನಕ್ಕಿಡುವ ಪ್ರತಿ ಹೆಂಗಸೂ ಒಂದು ಹಿಡಿ ಅಕ್ಕಿಯನ್ನು ಚರ್ಚಿಗೆಂದು ಎತ್ತಿಡುತ್ತಾಳೆ. ಎತ್ತಿಟ್ಟದ್ದನ್ನು ಕೊಟ್ಟವರು ತಿನ್ನುವಂತಿಲ್ಲ. ಅದನ್ನು ಮನೆಮನೆಯಿಂದ ಕೂಡಿಸುವ ಕೆಲಸ ಆಕೆಯದು. ತೀರಿಹೋದ ಗಂಡನ ಕೋಟು, ತೋಳು ಮಡಿಚಿದ್ದು; ಹಣೆಪಟ್ಟಿಯಿಂದ ಬೆನ್ನಿಗೆ ಬಿಗಿದ ಬುಟ್ಟಿ; ಏರಿನಲ್ಲೂ ಇಳಿಜಾರಿನಲ್ಲೂ ಮುಂದಕ್ಕೆ ಬಾಗಿದ ಒಂದೇ ಸಮನಾದ ನಡಿಗೆ. "ಅಷ್ಟೇ" ಎನ್ನದೆ ಆಕೆ ಮಾತು ಮುಗಿಸಿದ್ದನ್ನು ನಾನು ಕೇಳಿದ್ದು ಅಪರೂಪ.

ಸೈನಿಕರು ಊರಿಗೂ ಚರ್ಚಿಗೂ ಬೆಂಕಿ ಹಚ್ಚಿದ ಮೇಲೆ ನಾವೆಲ್ಲ ಮೇಲಿನ ಕಾಡಿನಲ್ಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡೆವು. ಹಗ್ಗ ಬಿಗಿಯುವ ಮೊದಲೇ ಆಕೆ ಬುಟ್ಟಿ ಹೊತ್ತು ಬಂದಳು. ನಮ್ಮ ಚರ್ಚ್ ಸಭೆಯ ಹಿರಿಯ ಪು ರಾಲ್ ಕುಂಗ್‌ಗೆ ರೇಗಿತು.

"ಚರ್ಚೇ ಬೂದಿಯಾಯ್ತಲ್ಲ ಪಿ. ದೇವರಿಗೆ ಇನ್ನೂ ಹಸಿವಾ?"

"ನಿನ್ನ ಮನೇನೂ ಬೂದಿಯಾಯ್ತು. ನಿನ್ನ ಹೊಟ್ಟೆ ಸುಮ್ನಿದೆಯಾ? ಹಾಕು. ಅಷ್ಟೇ."

ಆತ ಹಾಕಿದ. ಮಕ್ಕಳ ಬಾಯಿಂದ ಕಿತ್ತು ಕೊಡುವುದು ಭಕ್ತಿಯಲ್ಲ ಎಂದು ಹೇಳಿಯೇ ನಾನೂ ಹಾಕಿದೆ.

"ಟೀಚರಮ್ಮ, ನಿನ್ನ ಹಿಡಿ ಚಿಕ್ಕದು, ನಾಲಿಗೆ ದೊಡ್ಡದು," ಎಂದು ಮುಂದಿನ ಗುಡಿಸಲಿಗೆ ನಡೆದಳು.

ಮಳೆ ಹಿಡಿದು ಅಕ್ಕಿ ಬರುವ ದಾರಿ ಮುಚ್ಚಿತು. ಆಗಲೇ ಎದುರು ಬೆಟ್ಟದವರು, ತಮ್ಮ ಊರೂ ಸುಟ್ಟುಹೋಗಿ, ಬರಿಗೈಯಲ್ಲಿ ಹತ್ತಿ ಬಂದರು. ಅವರೂ ಕ್ರೈಸ್ತರೇ, ಆದರೆ ಆರಾಧನೆಯಲ್ಲಿ ಡೋಲು ಬಾರಿಸುವುದು ಪಾಪವೆಂದು ನಮ್ಮಿಂದ ಸಿಡಿದು ಬೇರೆ ಚರ್ಚು ಕಟ್ಟಿಕೊಂಡವರು, ಅಂದಿನಿಂದ ಒಬ್ಬರ ಮದುವೆಗೆ ಒಬ್ಬರು ಹೋದದ್ದಿಲ್ಲ, ಮಣ್ಣಿಗೂ ಹೋದದ್ದಿಲ್ಲ. ಅವರಿಗೆ ಬಡಿಸಿದರೆ ನಮ್ಮ ಅಕ್ಕಿ ಮಳೆಗಾಲ ದಾಟುವುದಿಲ್ಲ. ಕಳಿಸಿಬಿಟ್ಟರೆ ಅವರ ಮಕ್ಕಳು ಜೀವಸಹಿತ ದೇಶದ ಗಡಿ ಮುಟ್ಟುವುದಿಲ್ಲ.

"ನಮ್ಮಲ್ಲೇ ಇಲ್ಲ," ಎಂದ ರಾಲ್ ಕುಂಗ್, ನೆಲ ನೋಡುತ್ತ.

ಪಿ ತನ್ನ ಗುಡಿಸಲಿನಿಂದ ಚರ್ಚಿಗೆಂದು ಕೂಡಿಸಿಟ್ಟ ಅಕ್ಕಿಯ ಚೀಲಗಳನ್ನು ಒಂದೊಂದಾಗಿ ಎಳೆದು ತಂದಳು. "ನಿಮ್ಮಲ್ಲಿಲ್ಲ, ಸರಿ. ಇದು ನಿಮ್ಮದಲ್ಲ. ಕೊಟ್ಟವರು ತಿನ್ನೋ ಹಾಗಿಲ್ಲ. ಇವರು ಕೊಟ್ಟಿಲ್ಲ, ತಿನ್ಬೋದು. ಅಷ್ಟೇ."

ನಿಯಮ ಎಲ್ಲರದು. ದೊಡ್ಡ ಹಂಡೆಗಳು ಒಲೆಯೇರಿದವು. ಉಂಡವರು ಮರುದಿನವೇ ಗುದ್ದಲಿ ಹಿಡಿದು ಕಾಡುಗೆಣಸಿಗೆ ಇಳಿದರು. ಆ ಮಳೆಗಾಲವನ್ನು ಎರಡೂ ಊರು ಗೆಣಸಿನ ಗಂಜಿಯಲ್ಲಿ ದಾಟಿದವು. ಹಸಿವಿನಿಂದ ಒಂದು ಮಗುವೂ ಸಾಯಲಿಲ್ಲ.

ಅವರು ಬಂದ ಮೇಲಿನ ಮೊದಲ ಭಾನುವಾರ ಮರದಡಿ ಹಾಡು ಆರಂಭಿಸಿದಾಗ ಅವರ ಹಿರಿಯ ಪು ಝಾ ಹ್ರೆ ಮುಖ ಸಿಂಡರಿಸಿಕೊಂಡು ಎದ್ದ. ಖಾಲಿ ಎಣ್ಣೆ ಡಬ್ಬ ತಂದು ನಮ್ಮ ಹುಡುಗರ ಮುಂದೆ ಬೋರಲು ಹಾಕಿದ.

"ಡೋಲಿಲ್ದಿದ್ರೆ ನೀವು ತಾಳ ತಪ್ತೀರಿ. ಬಾರಿಸಿ."

"ಬಾರಿಸಿದ್ರೆ ಮತ್ತೆ ಬೇರೆ ಚರ್ಚು ಕಟ್ತೀಯೇನೋ?" ಎಂದಳು ಪಿ.

"ಕಟ್ಟೋಕೆ ಗೆಣಸು ತಿಂದ ಮೈಯಲ್ಲಿ ಶಕ್ತಿ ಎಲ್ಲಿದೆ?"

ಎರಡೂ ಊರು ನಕ್ಕವು, ಆಮೇಲೆ ಹಾಡಿದವು. ಕೆಳಗಿನ ರಸ್ತೆಯ ಸೈನಿಕರಿಗೆ ಕೇಳಿಸೀತೆಂದು ನನಗೆ ಗೊತ್ತಿತ್ತು. ದನಿ ತಗ್ಗಿಸಿ ಎಂದು ನಾನು ಹೇಳಲಿಲ್ಲ, ನಾನೂ ಹಾಡುತ್ತಿದ್ದೆ.

ಪಿಯಂಥವರನ್ನು ಸಂತರೆನ್ನಲು ನನಗೆ ಮನಸ್ಸಿಲ್ಲ. ಅವರ ಪಕ್ಕದ ಗುಡಿಸಲಲ್ಲಿ ಬದುಕುವುದು ಸುಲಭವಲ್ಲ. ನಂಬಿಕೆಯೆಂಬ ಪದವನ್ನು ಅವರು ಬಳಸುವುದು ಕಡಿಮೆ. ಬೆಳಗಾಗೆದ್ದು ಮಾಡಬೇಕಾದುದನ್ನು ಮಾಡುತ್ತಾರೆ, ಜಗತ್ತು ಉರಿದರೂ ಮಾಡುತ್ತಾರೆ. ಬೆಂಕಿ ಹಚ್ಚುವವರು ಗೋಡೆ, ಮಾಡು, ಗಂಟೆಗಳನ್ನು ಹುಡುಕಿಕೊಂಡು ಬರುತ್ತಾರೆ; ಇಂಥವರು ಚರ್ಚನ್ನು ಎಲ್ಲಿಟ್ಟಿದ್ದಾರೆಂಬುದು ಮಾತ್ರ ಅವರಿಗೆ ಎಂದೂ ತಿಳಿಯುವುದಿಲ್ಲ.