ಒಂದೇ ಉಸಿರಿಗೆ ಆರು ಮಹಡಿ

ಲಿಫ್ಟ್ ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಮೂರು ಲೋಕದಲ್ಲಿಲ್ಲ. ಆದರೂ ಇಪ್ಪತ್ತು ವರ್ಷ ಆರನೇ ಮಹಡಿಯ ಮನೆಗೆ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದವನು ನಾನು, ಕುದುರೆಗಳೂ ನಾಚಬೇಕು. ಹೋದ ತಿಂಗಳು ಮೊಣಕಾಲು ಉಳುಕಿತು.

"ಮಹಡಿಗೊಂದು ಸಲ ಕೂತು ಹತ್ತಿ, ಅಭ್ಯಾಸ ಮಾತ್ರ ಬಿಡ್ಬೇಡಿ," ಎಂದರು ಡಾಕ್ಟರು.

"ನಾನು ಕೂತು ಹತ್ತೋದಾ? ನೆರೆಯವರು ನಗೋದಕ್ಕಾ? ಕಾಲು ಪೂರ್ತಿ ಸರಿಹೋಗೋವರೆಗೂ ಲಿಫ್ಟೇ!" ಎಂದೆ ಹೆಂಡತಿಗೆ.

"ಅದರ ಹಗ್ಗ ಸವೆದಿದೆ ಅಂತ ನೀವೇ ಅಲ್ವಾ ಹೇಳಿದ್ದು?"

"ಸವೆದ ಹಗ್ಗಾನೂ ನನ್ನ ಮಾತು ಕೇಳುತ್ತೆ ಕಣೇ."

ಇಂದು ಒಬ್ಬನೇ ಲಿಫ್ಟ್ ಹತ್ತಿದೆ. ನಾಲ್ಕನೇ ಮಹಡಿ ದಾಟಿದ್ದೇ ತಡ, ಅದು ನಿಂತಿತು. ದೀಪ ಆರಿತು. ತಲೆಯ ಮೇಲೆ ಉಕ್ಕಿನ ಎಳೆಗಳು ಒಂದೊಂದಾಗಿ ಕಡಿಯುವ ಸದ್ದು. ತಡಕಾಡಿ, ಮೆಕ್ಯಾನಿಕ್ಕನಿಗೆ ಕರೆ ಹೋಗುವ ಕೆಂಪು ಗುಂಡಿ ಒತ್ತಿದೆ.

ನನ್ನ ಜೇಬಿನಲ್ಲೇ ಫೋನು ಬಡಿದುಕೊಂಡಿತು.