ಹೊಸಿಲ ಕೆಳಗಿನ ವಂತಿಗೆ

“ಹಿಂದಕ್ಕ ಸರಿಯಲೇ ಸೂಳಿಮಗನ. ಬಳ್ಳಾರಿಯಿಂದ ಸಾಹೇಬ್ರು ಬಂದು ಕುಂತಾರ, ಸರ್ಯಾಗಿ ಅದೇ ಹೊತ್ತಿಗಿ ಹೊಲಸು ಹೊತ್ಕಂಡು ಬಂದೀಯಲ್ಲ.”

ಕಂಪೌಂಡರ್ ವಿರೂಪಾಕ್ಷಪ್ಪ ಕೈಯಲ್ಲಿದ್ದ ಕಸಬರಿಗೆಯನ್ನು ಎರ್ರೆಪ್ಪನ ಮೂಗಿನ ಮುಂದೆ ಆಡಿಸಿದ. ಅದರಿಂದ ಸಿಡಿದ ಫಿನಾಯಿಲ್ ಹನಿಗಳು ಹೊರಸಿನ ಮೇಲೆ ಮಲಗಿದ್ದ ಹೊನ್ನೂರಮ್ಮನ ಹೊಟ್ಟೆಯ ಮೇಲೆ ಬಿದ್ದವು. ಅವಳಿಗೆ ಅದು ಗೊತ್ತಾಗಲಿಲ್ಲ. ಕಚ್ಚಿ ಕಚ್ಚಿ ಅವಳ ತುಟಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಹೊರಸಿನ ತಲೆಗಡೆ ಅವಳ ಗಂಡ ಎರ್ರೆಪ್ಪ, ಕಾಲುಗಡೆ ಅಪ್ಪ ಮಾರೆಣ್ಣ. ಕೇರಿಯಿಂದ ಕಾಲುವೆಯ ಏರಿ ಹಿಡಿದು, ನಾಟಿಯಾದ ಗದ್ದೆಗಳ ಬದುವಿನ ಮೇಲೆ ಜಾರುತ್ತ ಏಳುತ್ತ ಹೊತ್ತು ತಂದು ಆಸ್ಪತ್ರೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಇಳಿಸಿದ್ದರು. ಹಿಂದಿನಿಂದ ಬೇವಿನ ಟೊಂಗೆಯಲ್ಲಿ ನೊಣ ಹೊಡೆಯುತ್ತ ಬಂದವಳು ಸುಂಕಲಮ್ಮ, ಹೊನ್ನೂರಮ್ಮನ ತಾಯಿ. ಎಷ್ಟು ಬೀಸಿದರೂ ನೊಣಗಳು ಬಿಡುತ್ತಿರಲಿಲ್ಲ. ಮಗಳ ಸೀರೆಯಡಿಯಿಂದ ಹೊರಗೆ ಬಂದಿದ್ದ ಒಂದು ಪುಟ್ಟ ಕೈ ಅವಕ್ಕೆ ಬೇಕಾಗಿತ್ತು.

“ಯಪ್ಪಾ, ಕೂಸಿನ ಕೈ ಮುಂದ ಬಂದೈತಿ,” ಎಂದಳು ಸುಂಕಲಮ್ಮ. “ನಮ್ಮ ಸೂಲಗಿತ್ತಿ ಅಂಬಮ್ಮ ನನ್ನ ಕೈಲಿ ಆಗಂಗಿಲ್ಲ, ಆಸ್ಪತ್ರಿಗಿ ಒಯ್ರಿ ಅಂದ್ಲು. ಒಳಗ ಬಿಡ್ರಿ.”

“ನಾ ಬ್ಯಾಡ ಅಂದ್ನ್ಯಾ? ವಂತಿಗಿ ಹಾಕು, ಚೀಟಿ ತಗೋ, ರಾಣಿಯಂಗ ಒಳಗ ಹೋಗು.”

ಅವನ ಕಸಬರಿಗೆ ತೋರಿಸಿದ ಕಡೆ, ಬಾಗಿಲ ಹೊಸಿಲಿಗೆ ತಾಗಿದಂತೆ ತಗಡಿನ ಹುಂಡಿ ಕೂತಿತ್ತು. ಬಿಳಿ ಬಣ್ಣ, ಅದರ ಮೇಲೆ ಕೆಂಪು ಗುರುತು. ಆಸ್ಪತ್ರೆ ಸಮಿತಿಯ ಅಧ್ಯಕ್ಷ ಚಿದಾನಂದಪ್ಪ ಗೌಡರು ಆ ವರ್ಷದ ಸುಗ್ಗಿ ಮುಗಿದ ಮೇಲೆ ಮಾಡಿಸಿ ಇಡಿಸಿದ್ದರು. ಜ್ವರಕ್ಕೆ ಒಂದು ದರ, ಗಾಯಕ್ಕೆ ಒಂದು, ಹೆರಿಗೆಗೆ ಎಲ್ಲಕ್ಕಿಂತ ಹೆಚ್ಚು. ಎರ್ರೆಪ್ಪನ ರುಮಾಲಿನ ತುದಿಯ ಗಂಟಿನಲ್ಲಿ ಇದ್ದದ್ದು ಅದರ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಒಳಗಿನಿಂದ ನರ್ಸ್ ಕೊಟ್ರಮ್ಮ ಬಂದಳು. ಹೊರಸಿನತ್ತ ಬಗ್ಗಿ ನೋಡಿದವಳ ಮುಖ ಕಳೆಗುಂದಿತು.

“ಕೈ ನೀಲಿಗಟ್ಟೈತಲ್ಲೇ. ಯಾವಾಗಿಂದ ಹಿಂಗೈತಿ?”

“ಸಿಸ್ಟರ್, ಚೀಟಿ ಆಗಿಲ್ಲ,” ಎಂದು ವಿರೂಪಾಕ್ಷಪ್ಪ ನಡುವೆ ಬಾಯಿ ಹಾಕಿದ.

ಕೊಟ್ರಮ್ಮ ಸುಂಕಲಮ್ಮನ ಕಣ್ಣು ತಪ್ಪಿಸಿದಳು. “ನನ್ನ ಹಂಗ ನೋಡಬ್ಯಾಡ ಯಮ್ಮಾ. ಸರಕಾರ ನನಗ ಸಂಬಳ ಕೊಡ್ತೈತಿ, ಹತ್ತಿ ಕೊಡಂಗಿಲ್ಲ. ಸೂಜಿ ಕುದಸಾಕ ಸೀಮಿಎಣ್ಣಿ ಕೊಡಂಗಿಲ್ಲ. ಕೇಳಿದ್ರ ಬಳ್ಳಾರಿಯೋರು ಸಿರುಗುಪ್ಪದ ಕಡಿ ಕೈ ತೋರಸ್ತಾರ, ಸಿರುಗುಪ್ಪದೋರು ಬಳ್ಳಾರಿ ಕಡಿ. ಈ ಡಬ್ಬಿ ರೊಕ್ಕದಾಗ ಅದನ್ನ ತರ್ತಾರ. ನಾ ಬಾಯಿ ಬಿಟ್ರ ಅದೂ ನಿಂತೋಗತೈತಿ. ತಡಿ, ಗೌಡ್ರನ್ನ ಕೇಳ್ತೀನಿ.”

ಸುಂಕಲಮ್ಮ ಹೊಸಿಲನ್ನು ನೋಡುತ್ತ ನಿಂತಳು. ಹಾಸುಗಲ್ಲಿನ ಹೊಸಿಲು. ತುಳಿದು ತುಳಿದು ನಡುವೆ ನುಣುಪಾಗಿತ್ತು.

ಈ ಆಸ್ಪತ್ರೆ ಕಟ್ಟುವಾಗ ಊರವರು ತಮ್ಮ ಪಾಲಿನ ವಂತಿಗೆ ಕೊಟ್ಟರೆ ಉಳಿದದ್ದು ತನ್ನದು ಎಂದು ಸರಕಾರ ಹೇಳಿತ್ತಂತೆ. ಊರೆಂದರೆ ಗೌಡರು. ಗೌಡರು ಕೇರಿಗೆ ಬಂದು, ದೂರದಲ್ಲೇ ಗಾಡಿ ನಿಲ್ಲಿಸಿ, “ರೊಕ್ಕ ಇಲ್ದೋರು ಮೈ ಬಗ್ಗಸ್ರಿ” ಎಂದಿದ್ದರು. ಆ ಬೇಸಿಗೆಯಿಡೀ ಕೇರಿ ಕೂಲಿಯಿಲ್ಲದೆ ಕಲ್ಲು ಹೊತ್ತಿತು, ಮಣ್ಣು ಕಲಸಿತು, ನೀರು ಸೇದಿತು. ಕಟ್ಟಡ ಎದ್ದ ಮೇಲೆ ಗೋಡೆಗೆ ಅಮೃತಶಿಲೆಯ ಹಲಗೆ ಬಂತು. ಮೂರನೇ ಇಯತ್ತೆವರೆಗೆ ಓದಿದ್ದ ಎರ್ರೆಪ್ಪ ಒಮ್ಮೆ ಅದನ್ನು ಅತ್ತೆಗೆ ಓದಿ ಹೇಳಿದ್ದ. ಶ್ರೀ ಚಿದಾನಂದಪ್ಪನವರ ಉದಾರ ವಂತಿಗೆಯಿಂದ, ಎಂದು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು ಸುಂಕಲಮ್ಮ. ನಗುವು ಯಾವಾಗ ನಿಂತಿತೋ ಅವಳಿಗೇ ತಿಳಿದಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳಿಗೆ ಹೊಟ್ಟೆಯಾಗಿತ್ತು. ನೋವು ಬರ್ತೈತಿ, ಮನಿಗಿ ಹೋಗ್ತೀನಿ ಅಂದರೆ ಗೌಡರ ಮೇಸ್ತ್ರಿ, “ಕಲ್ಲು ತಾನಾ ನಡಕಂತ ಬರ್ತೈತೇನಲೇ ಬೋಸಡಿ” ಎಂದಿದ್ದ. ಕಲ್ಲಿನ ರಾಶಿಯ ಹಿಂದೆ ಕೂತಳು. ಬಿದ್ದ ಕೂಸು ಅಂಗೈ ಮೇಲೆ ಮಲಗುವಷ್ಟು ಚಿಕ್ಕದು. ಕೈಕಾಲು ಮೂಡಿದ್ದವು, ಕಣ್ಣು ಮೂಡಿರಲಿಲ್ಲ. ಬಿಸಿಲಿನಲ್ಲಿ ನಾಯಿಗಳು ವಾಸನೆ ಹಿಡಿದು ಸುತ್ತಲೂ ಬಂದು ನಿಂತವು.

ಅವಳಿಗೆ ಅಜ್ಜಿ ಮಾರೆಮ್ಮನ ಮಾತು ನೆನಪಾಯಿತು. ಬಲಿಯದೆ ಉದುರಿದ ಕೂಸಿಗೆ ದಾರಿ ಗೊತ್ತಿರುವುದಿಲ್ಲ ಎನ್ನುತ್ತಿದ್ದಳು ಅಜ್ಜಿ. ಬಯಲಲ್ಲಿ ಇಟ್ಟರೆ ಸುಂಟರಗಾಳಿಯಾಗಿ ಅಲೆಯುತ್ತದೆ, ನೀರಿಗೆ ಬಿಟ್ಟರೆ ಕಪ್ಪೆಯಾಗಿ ಅಳುತ್ತದೆ. ಮನೆಯ ಹೊಸಿಲ ಕೆಳಗೆ ಇಟ್ಟರೆ ಮಾತ್ರ ಒಳಗಿನವರ ಮಾತಿಗೆ ಕಿವಿಗೊಟ್ಟು, ಹೋಗಿಬರುವವರ ಕಾಲಸಪ್ಪಳ ಕೇಳುತ್ತ ಮಲಗಿರುತ್ತದೆ. ಒಂದು ದಿನ ಎದ್ದು ಅದೇ ಮನೆಯೊಳಗೆ ಅಳುತ್ತ ಹುಟ್ಟುತ್ತದೆ. ಕೇರಿಯ ಗುಡಿಸಲುಗಳ ಹೊಸಿಲ ಕೆಳಗೆಲ್ಲ ಅಂಥವರು ಇದ್ದರು.

ಮನೆಗೆ ಹೋಗಲು ಮೇಸ್ತ್ರಿ ಬಿಡಲಿಲ್ಲ. ಎದುರಿಗೆ ಹೊಸ ಕಟ್ಟಡದ ಬಾಗಿಲ ಹೊಸಿಲಿಗೆಂದು ತೋಡಿದ ಸಡಿಲ ಮಣ್ಣಿತ್ತು. ಸೀರೆಯ ಸೆರಗು ಹರಿದು, ಸುತ್ತಿ, ಅಲ್ಲಿ ಇಟ್ಟಳು. ಮರುದಿನ ಅದರ ಮೇಲೆ ಹಾಸುಗಲ್ಲು ಕೂತಿತು. ಮಾರೆಣ್ಣನಿಗೆ ಬಿಟ್ಟು ಇನ್ನಾರಿಗೂ ಅವಳು ಹೇಳಿರಲಿಲ್ಲ. ಹೊನ್ನೂರಮ್ಮನಿಗೆ ಮುಟ್ಟು ನಿಂತಾಗ, ಅಂತೂ ದಾರಿ ಸಿಕ್ಕಿತು ಅದಕ್ಕೆ ಎಂದುಕೊಂಡಿದ್ದಳು. ಅಂಬಮ್ಮ ಆಸ್ಪತ್ರೆಗೆ ಒಯ್ಯಲು ಹೇಳಿದಾಗ ಹೆದರಿಕೆಯ ಜೊತೆಗೇ ಅವಳೊಳಗೆ ಒಂದು ಸಣ್ಣ ಸಂತೋಷವೂ ಎದ್ದಿತ್ತು. ಆ ಮನೆಯಲ್ಲೇ ಹುಟ್ಟಬೇಕಲ್ಲ ಅದು.

ಕಟ್ಟೆಯ ಆ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಗೌಡರೂ ಸಾಹೇಬರೂ ವಗ್ಗಾಣಿ, ಮಿರ್ಚಿ ತಿನ್ನುತ್ತಿದ್ದರು. ಊರೇ ನಡೆಸುವ ಆಸ್ಪತ್ರೆಯನ್ನು ನೋಡಿ ಬರೆದು ಹೋಗಲು ಬಂದವರು ಈ ಸಾಹೇಬರು. ಅಂಗಳದಲ್ಲಿ ಅವರ ಕೈಯಿಂದ ನೆಡಿಸಲು ಒಂದು ಬೇವಿನ ಸಸಿ, ಪಕ್ಕದಲ್ಲಿ ಹಾರೆ, ನೀರಿನ ಕೊಡ ಸಿದ್ಧವಾಗಿದ್ದವು. ಮಿರ್ಚಿಯ ಎಣ್ಣೆ ಸಾಹೇಬರ ಮುಂಗೈವರೆಗೆ ಇಳಿದಿತ್ತು.

ಕೊಟ್ರಮ್ಮ ಕೈಕಟ್ಟಿಕೊಂಡು ಏನೋ ಹೇಳಿದಳು. ಗೌಡರು ಅಲ್ಲಿಂದಲೇ ಹೊರಸಿನತ್ತ ಕತ್ತು ಹೊರಳಿಸಿದರು.

“ನೋಡ್ರಿ ಸಾಹೇಬ್ರ, ಇದ ನಾ ಹೇಳಿದ್ದು. ಪುಕ್ಕಟ್ಟಿ ಅಂದ್ರ ಸಾಕು, ಮನಿಯಾಗ ಹಡಿಯೋರೂ ಇಲ್ಲಿಗಿ ಬರ್ತಾರ. ಮಾತ್ರಿ ಕೊಟ್ರ ಕೋಳಿಗಿ ಹಾಕ್ತಾರ. ಕೈಯಿಂದ ನಾಕು ಕಾಸು ಬಿಚ್ಚಿದ್ರ ಆಸ್ಪತ್ರಿ ನಮ್ದು ಅಂತ ಅನಸ್ತೈತಿ. ಹೌದಲ್ಲ?”

“ನಿಜ. ಸರ್ಕಾರ ಎಷ್ಟು ಅಂತ ಕೊಡುತ್ತೆ ಹೇಳಿ,” ಎಂದರು ಸಾಹೇಬರು. ಮೈಸೂರು ಕಡೆಯ ಮಾತು. ಹೊರಸಿನತ್ತ ಒಮ್ಮೆ ನೋಡಿ, ತಟ್ಟೆಯಲ್ಲಿ ಉಳಿದ ಮಿರ್ಚಿಯನ್ನು ಪಕ್ಕಕ್ಕೆ ಸರಿಸಿದರು. “ಆದರೆ ಈ ಕೇಸು ಸ್ವಲ್ಪ... ಮೊದಲು ಒಳಗೆ ತಗೊಂಡು ಆಮೇಲೆ ನೋಡಬಹುದಲ್ಲ?”

“ಇವತ್ತು ಇಕಿಗಿ ಬಿಟ್ರ ನಾಳಿ ಇಡೀ ಕೇರಿ ಬಂದು ಮಲಗತೈತಿ. ಆಮ್ಯಾಲ ನಿಮ್ಮ ಸರಕಾರ ಹತ್ತಿ ಕಳಸ್ತೈತೇನು?”

ಸಾಹೇಬರು ಕೈ ಒರೆಸಿಕೊಂಡರು.

ಸುಂಕಲಮ್ಮ ಕಟ್ಟೆಯ ಕೆಳಗೇ ನಡೆದು ಬಂದು ಅವರೆದುರು ನಿಂತಳು. “ಧಣಿ, ನಾ ವಂತಿಗಿ ಕೊಟ್ಟೀನಿ.”

“ಯಾವಾಗ ಕೊಟ್ಟೀಯಲೇ?”

“ಕಟ್ಟೋವಾಗ.”

“ಕಟ್ಟೋವಾಗ ಅಗಸರ ಕತ್ತಿನೂ ಹೊತ್ತಾವ ಕಲ್ಲು.” ಗೌಡರು ಎಲೆಯಡಿಕೆಯ ಕೆಂಪು ಉಗುಳನ್ನು ಕಟ್ಟೆಯಾಚೆ, ಅವಳ ಕಾಲ ಬಳಿ ಉಗಿದರು. “ಅವೂ ಈನಾಕ ಇಲ್ಲಿಗಿ ಬಂದ್ರ ಏನ್ ಮಾಡ್ಲಿ?”

ವಿರೂಪಾಕ್ಷಪ್ಪ ಜೋರಾಗಿ ನಕ್ಕ. ಸಾಹೇಬರೂ ತುಟಿಯಲ್ಲಿ ನಕ್ಕರು. ಸುಂಕಲಮ್ಮ ಹೊಸಿಲ ಕಡೆ ತಿರುಗಿ ನೋಡಿದಳು. ಎಣ್ಣೆಗೈಯವರ ಮುಂದೆ ತೆಗೆದಿಡುವ ಮಾತಾಗಿರಲಿಲ್ಲ ಅದು.

ಹಿಂದೆ ಹೊನ್ನೂರಮ್ಮ ಒಮ್ಮೆ ಕೂಗಿದಳು. ಮನುಷ್ಯರ ದನಿಯಂತಿರಲಿಲ್ಲ. ಎರ್ರೆಪ್ಪ ಓಡಿ ಬಂದು ಕಟ್ಟೆಗೆ ಹಣೆ ಹಚ್ಚಿದ.

“ಧಣಿ, ನಿಮ್ಮ ಕಾಲಿಗಿ ಬೀಳ್ತೀನಿ. ಏನ್ ಹೇಳಿದ್ರ ಅದು ಮಾಡ್ತೀನಿ.”

“ಈ ಸುಗ್ಗಿ, ಮುಂದಿನ ಸುಗ್ಗಿ ನನ್ನ ಗದ್ದಿಗಿ ಬರ್ತೀಯೇನು? ಕೂಲಿ ಪಾಲಿ ಅಂತ ಬಾಯಿ ಬಿಡಬಾರದು.”

“ಬರ್ತೀನಿ ಧಣಿ.”

“ಎರ್ರೆಪ್ಪಾ,” ಎಂದ ಮಾರೆಣ್ಣ ಹೊರಸಿನ ಬಳಿಯಿಂದ. ಜೀತದಲ್ಲಿ ಅರ್ಧ ಆಯುಷ್ಯ ಕಳೆದವನು ಅವನು. ಎರ್ರೆಪ್ಪ ತಿರುಗಿ ನೋಡಲಿಲ್ಲ.

ಗೌಡರು ಎದ್ದರು. ಜೇಬಿನಿಂದ ನೋಟು ತೆಗೆದು ಸಾಹೇಬರಿಗೆ ಕಾಣುವಂತೆ ಮಡಚಿ ಹುಂಡಿಯ ಬಾಯಿಗೆ ತುರುಕಿದರು. “ಬಡವರದು ನಾವ ನೋಡಬೇಕಲ್ರಿ. ವಿರೂಪಾಕ್ಷಿ, ನನ್ನ ಹೆಸರಿಗಿ ಬರಿ.”

ಹೊರಸು ಹೊಸಿಲು ದಾಟಿತು. ಸುಂಕಲಮ್ಮ ಹೊಸಿಲನ್ನು ತುಳಿಯದೆ ದೊಡ್ಡ ಹೆಜ್ಜೆ ಇಟ್ಟು ಒಳಗೆ ಹೋದಳು. ಹೋಗುವಾಗ ಬಗ್ಗಿ ಕಲ್ಲನ್ನು ಬೆರಳಿಂದ ಮುಟ್ಟಿ, ಯಾರಿಗೂ ಕೇಳಿಸದಂತೆ, “ಬಾರಪ್ಪಾ, ಬಾ. ಹೊತ್ತಾತು,” ಎಂದಳು.

ಕೊಟ್ರಮ್ಮ ಸೆರಗು ಸಿಕ್ಕಿಸಿ ತನ್ನ ಕೈಲಾದದ್ದನ್ನೆಲ್ಲ ಮಾಡಿದಳು. ಕೂಸು ಬಂತು. ಗಂಡು. ತಲೆತುಂಬ ಕೂದಲು. ಕೊಟ್ರಮ್ಮ ಕಾಲು ಹಿಡಿದು ಬೆನ್ನಿಗೆ ಬಡಿದಳು, ಬಾಯಿಗೆ ಬಾಯಿಟ್ಟು ಊದಿದಳು, ತಣ್ಣೀರು ಚಿಮುಕಿಸಿದಳು. ಆಮೇಲೆ ಕೈ ಬಿಟ್ಟು ಗೋಡೆಗೆ ಒರಗಿದಳು.

“ಹೊರಗ ಮಲಗಿದ್ದಾಗ ಜೀವ ಇತ್ತು,” ಎಂದಳು. ತನಗೇ ಹೇಳಿಕೊಂಡಂತೆ.

“ಇಕಿ?” ಎಂದಳು ಸುಂಕಲಮ್ಮ ಮಗಳ ಹಣೆ ಸವರುತ್ತ.

“ರಕ್ತ ಭಾಳ ಹೋಗೈತಿ. ಬಾಟ್ಲಿ ಏರಸೀನಿ. ಇಕಿನ್ನ ಬಿಟ್ಟು ನಾ ಏಳಂಗಿಲ್ಲ, ಯಾರ ಕರದ್ರೂ.”

ಕೂಸನ್ನು ಸುತ್ತಲು ಬಟ್ಟೆ ಇರಲಿಲ್ಲ. ಕೊಟ್ರಮ್ಮ ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು. ಸುಂಕಲಮ್ಮ ಅದನ್ನು ಎದೆಗೊತ್ತಿಕೊಂಡು ಹೊರಗೆ ಬಂದಳು. ಬಿಸಿಲು ಹಾಗೇ ಇತ್ತು. ಹೊರಸು ಇಟ್ಟಿದ್ದ ಜಾಗದಲ್ಲಿ ರಕ್ತ ಕಟ್ಟೆಯಿಂದ ಮೆಟ್ಟಿಲಿಗೆ ಇಳಿದು ಕಪ್ಪಾಗಿತ್ತು. ಒಂದು ನಾಯಿ ಅದನ್ನು ನೆಕ್ಕುತ್ತಿತ್ತು. ಸಾಹೇಬರು ಗೌಡರ ಸೊಸೆ ಚನ್ನವೀರಮ್ಮ ಹಿಂದೊಮ್ಮೆ ಬಾಣಂತಿಯಾಗಿದ್ದ ಸ್ಪೆಷಲ್ ರೂಮು ನೋಡಲು ಒಳಗೆ ಹೋಗಿದ್ದರು. ಗೌಡರು ಅಂಗಳದಲ್ಲಿ ಫೋಟೋದವನಿಗೆ ಸಸಿ ಇರುವ ಜಾಗ ತೋರಿಸುತ್ತಿದ್ದರು.

“ಲೇ ಸುಂಕ್ಲಿ,” ಎಂದ ವಿರೂಪಾಕ್ಷಪ್ಪ, ಕಸಬರಿಗೆಯನ್ನು ಅವಳ ಕಾಲ ಬಳಿ ಎಸೆದು. “ಕಟ್ಟಿ ತೊಳದು ಹೋಗು. ಸಾಹೇಬ್ರ ಪೋಟೋ ತಗೀತಾರ, ಅದರಾಗ ನಿಮ್ಮ ಹೊಲಸು ಕಾಣಬಾರದು.”

ಸುಂಕಲಮ್ಮ ಕೂಸನ್ನು ಮಾರೆಣ್ಣನ ಕೈಗೆ ಕೊಟ್ಟಳು. ಕಸಬರಿಗೆಯನ್ನು ದಾಟಿ ಅಂಗಳಕ್ಕೆ ಇಳಿದಳು. ಸಸಿಯ ಪಕ್ಕದ ಹಾರೆ ಎತ್ತಿಕೊಂಡಳು. ತಗ್ಗು ತೋಡಲು ಎತ್ತಿಕೊಂಡಳೆಂದು ಗೌಡರು ಸುಮ್ಮನಿದ್ದರು.

ಅವಳು ಬಾಗಿಲಿಗೆ ಬಂದು ಹಾಸುಗಲ್ಲಿನ ಸಂದಿಗೆ ಹಾರೆಯ ತುದಿ ಇಟ್ಟು ಮೈಭಾರವೆಲ್ಲ ಹಾಕಿದಳು.

“ಏ, ಏನ್ ಮಾಡಾಕತ್ತಿ,” ಎಂದು ವಿರೂಪಾಕ್ಷಪ್ಪ ಓಡಿ ಬಂದ. ಅವಳ ರಟ್ಟೆ ಹಿಡಿಯಲು ಚಾಚಿದ ಕೈ ಗೇಣು ದೂರದಲ್ಲಿ ನಿಂತಿತು. ಮುಟ್ಟಿದರೆ ಮನೆಗೆ ಹೋಗಿ ಮೀಯಬೇಕು.

“ಹಿಡಿಯಲೇ ಅಕಿನ್ನ,” ಎಂದು ಗೌಡರು ಒದರಿದರು. “ಹುಚ್ಚ ಹಿಡಿದೈತಿ ಹಡಸಿಗಿ.”

ಎರ್ರೆಪ್ಪ ಎದ್ದು ಬಂದ. ಹಿಡಿಯಲು ಬಂದನೆಂದುಕೊಂಡರು. ಅವನು ಅತ್ತೆಯ ಪಕ್ಕದಲ್ಲಿ ನಿಂತು ಹಾರೆಗೆ ತನ್ನ ಕೈಯನ್ನೂ ಹಾಕಿದ.

ಕಲ್ಲು ಗೊರಕೆ ಹೊಡೆದಂತೆ ಸದ್ದು ಮಾಡಿ ಮಗುಚಿತು. ಪಕ್ಕದ ಹುಂಡಿ ವಾಲಿ ಮೆಟ್ಟಿಲಿಗೆ ಉರುಳಿ, ರಕ್ತದ ಮೇಲೆ ಬೋರಲು ಬಿತ್ತು. ಸುಂಕಲಮ್ಮ ಮಂಡಿಯೂರಿ ಕೈಯಿಂದ ಮಣ್ಣು ಬಗೆದಳು. ತಂಪು ಮಣ್ಣು. ಬಟ್ಟೆ ಇರಲಿಲ್ಲ, ಎಲುಬು ಇರಲಿಲ್ಲ. ಮಣ್ಣೇ ಆಗಿ ಹೋಗಿತ್ತು. ಸೆರಗನ್ನು ಮುಂದಕ್ಕೆ ಎಳೆದು ಉಡಿ ಮಾಡಿ, ಮುತ್ತೈದೆಗೆ ಅಕ್ಕಿ ತುಂಬುವಂತೆ ಬೊಗಸೆ ಬೊಗಸೆ ತುಂಬಿಕೊಂಡಳು.

“ಏನೈತಲೇ ಅದರಾಗ?” ಎಂದರು ಗೌಡರು. ಈ ಸಲ ದನಿ ಸಣ್ಣದಾಗಿತ್ತು.

“ನನ್ನ ವಂತಿಗಿ ಧಣಿ. ಕಲ್ಲು ಹೊರೋವಾಗ ಬಿದ್ದ ಕೂಸು. ಮನಿಗಿ ಒಯ್ಯಾಕ ನಿಮ್ಮ ಮೇಸ್ತ್ರಿ ಬಿಡಲಿಲ್ಲ, ಇಲ್ಲೇ ಇಟ್ಟಿದ್ನಿ.” ಅವಳು ತಲೆ ಎತ್ತಲಿಲ್ಲ. “ದಿನಾ ಅದರ ಮ್ಯಾಲ ಕಾಲಿಟ್ಟು ಒಳಗ ಹೋಗೀರಿ. ನಿಮ್ಮ ಮೊಮ್ಮಗನ್ನ ಆರತಿ ಎತ್ತಿ ಇದರ ಮ್ಯಾಲಿಂದನ ಹೊರಗ ಕರಕಂಡು ಬಂದೀರಿ. ಈಗ ವಾಪಸ್ ಒಯ್ತೀನಿ. ನಮ್ಮ ಮನಿ ಹೊಸಿಲಾಗ ಇಬ್ಬರೂ ಕೂಡಿ ಮಲಗ್ಲಿ.”

ಮಾರೆಣ್ಣ ಬಂದು ಸುದ್ದಿಪತ್ರಿಕೆಯ ಗಂಟನ್ನು ಅವಳ ಉಡಿಯ ಮಣ್ಣಿನ ಮೇಲೆ ಇಟ್ಟ. ಅವಳು ಎದ್ದಳು.

ಬಾಗಿಲೊಳಗೆ ಸಾಹೇಬರು ಬೂಟುಗಾಲಲ್ಲಿ ತಗ್ಗನ್ನು ನೋಡುತ್ತ ನಿಂತಿದ್ದರು. “ದಾಟೋಕೆ ಯಾರಾದರೂ ಒಂದು ಹಲಗೆ ತನ್ರಯ್ಯಾ,” ಎಂದರು. ಗೇಟಿನ ಹತ್ತಿರ ಕೇರಿಯವರು ಸೇರಿದ್ದರು. ಯಾರೂ ಅಲುಗಲಿಲ್ಲ. ವಿರೂಪಾಕ್ಷಪ್ಪ ಗೌಡರ ಮುಖ ನೋಡಿದ.

ಗೌಡರು ಅವನನ್ನು ನೋಡಲಿಲ್ಲ. ಚಪ್ಪಲಿ ಬಿಟ್ಟು, ಧೋತರವನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ಮೆಟ್ಟಿಲ ಅಂಚಿಗೆ ತಮ್ಮ ಬಲಗಾಲ ಅಂಗಾಲನ್ನು ಉಜ್ಜುತ್ತಿದ್ದರು. ಸುಂಕಲಮ್ಮ ಉಡಿ ಹಿಡಿದು ಅವರ ಪಕ್ಕದಿಂದ ಇಳಿದು ಹೋದಳು. ಅವಳು ಗೇಟು ದಾಟಿ ಕಾಲುವೆಯ ಏರಿ ಹತ್ತುವಾಗಲೂ ಗೌಡರು ಉಜ್ಜುತ್ತಲೇ ಇದ್ದರು.