ತಣ್ಣಗಿದ್ದ ಹಿಂದಿನ ಚಕ್ರ

ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಕಟಪಾಡಿಯಲ್ಲಿ, ಊರವರು ಗೌರವದಿಂದ ಪೊರ್ಬುಗಳು ಎಂದು ಕರೆಯುತ್ತಿದ್ದ ಸಿಲ್ವೆಸ್ಟರನ ಗ್ಯಾರೇಜಿಗೆ ದೊಡ್ಡ ಹೆಸರು. ಬ್ರೇಕ್ ಸರಿ ಇಲ್ಲವೆಂದು ಯಾರೇ ಬರಲಿ, ಅವನು ಸುಮ್ಮನೆ ಚಕ್ರ ಬಿಚ್ಚುವವನಲ್ಲ. ಚಪ್ಪಲಿ ಕಳಚಿ ಸೀಟಿಗೆ ಹತ್ತುವುದು, ಕಣ್ಣು ಮುಚ್ಚಿ ಬರಿಗಾಲಲ್ಲಿ ಪೆಡಲನ್ನು ಮೂರು ಸಲ ಒತ್ತುವುದು, ರೋಗ ಇಂಥದ್ದೇ ಎಂದು ಹೇಳಿಬಿಡುವುದು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಇರುತ್ತಿತ್ತು, ಕೆಟ್ಟದ್ದೇ ಅಲ್ಲಿ. ಹೊಗಳುವವರೆಲ್ಲ ಸೇರಿ ಆ ಮನುಷ್ಯನ ತಲೆಯನ್ನು ಅಂಗಾಲಿಗೆ ಇಳಿಸಿಬಿಟ್ಟಿದ್ದರು.

ಮೀನಿನ ವ್ಯಾಪಾರಿ ಕೂಸಪ್ಪನ ದೊಡ್ಡ ಪಿಕಪ್ಪಿನಲ್ಲಿ ಕಾಪುವಿನಿಂದ ಕಾರ್ಕಳಕ್ಕೆ ಮೀನು ಸಾಗಿಸುವ ಡ್ರೈವರ್ ಬೂಬ ಒಂದು ಬೆಳಿಗ್ಗೆ ಗಾಡಿ ತಂದು ನಿಲ್ಲಿಸಿದ.

"ಪೊರ್ಬುಗಳೇ, ಲೋಡ್ ಇದ್ದರೆ ಬ್ರೇಕ್ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಬರುವುದು."

ಸಿಲ್ವೆಸ್ಟರ್ ಹತ್ತಿ ಮೂರು ಸಲ ಒತ್ತಿದ. "ಇದಕ್ಕೆ ಎಂತ ಆಗಿದೆ ಮಾರಾಯ? ಪೆಡಲ್ ಕಲ್ಲಿನ ಹಾಗೆ ಉಂಟು."

"ಪೆಡಲ್ ಗಟ್ಟಿ ಉಂಟು, ಗಾಡಿ ನಿಲ್ಲುವುದಿಲ್ಲ. ಇಳಿದು ಮುಟ್ಟಿ ನೋಡಿದೆ. ಎದುರಿನ ಚಕ್ರ ಕೈ ಸುಡುತ್ತದೆ, ಹಿಂದಿನದ್ದು ತಣ್ಣಗೆ. ಹಿಂದೆ ಬ್ರೇಕ್ ಹಿಡಿಯುವುದೇ ಇಲ್ಲವೋ ಏನೋ. ಒಮ್ಮೆ ಬಿಚ್ಚಿ ನೋಡುವ, ಅಲ್ವಾ?"

ಡ್ರೈವರ್ ಬಂದು ತನಗೆ ಪಾಠ ಹೇಳುವುದೇ! ಸಿಲ್ವೆಸ್ಟರನಿಗೆ ಮೂಗಿನ ತುದಿಗೆ ಸಿಟ್ಟು ಬಂತು.

"ಮೀನಿನ ಐಸ್ ನೀರು ಇಡೀ ದಾರಿ ಹಿಂದಿನ ಚಕ್ರಕ್ಕೆ ಸುರಿಯುವಾಗ ತಣ್ಣಗಿರದೆ ದೋಸೆ ಕಾವಲಿಯ ಹಾಗೆ ಇರಬೇಕಾ? ಗಾಡಿ ಸರಿ ಉಂಟು. ನಿನ್ನ ಕಾಲಿಗೆ ಬಲ ಇಲ್ಲ. ಗಂಜಿ ಉಂಡು ಒತ್ತು!"

ಅಲ್ಲಿದ್ದವರೆಲ್ಲ ನಕ್ಕರು. ಬೂಬನೂ ನಕ್ಕ, ಪಾಪ. ನಕ್ಕು ಗಾಡಿ ತೆಗೆದುಕೊಂಡು ಹೋದ.

ನಾಲ್ಕನೇ ದಿನ ಕುಕ್ಕುಂದೂರಿನ ಹತ್ತಿರ ಇಳಿಜಾರಿನಲ್ಲಿ ಪಿಕಪ್ ನಿಲ್ಲಲಿಲ್ಲ. ಎದುರಿಗೆ ಜನ ಇಳಿಸುತ್ತಿದ್ದ ಬಸ್ಸು. ಬೂಬ ಗಾಡಿಯನ್ನು ಪಕ್ಕದ ಮುರಕಲ್ಲಿನ ಗೋಡೆಗೆ ತಿರುಗಿಸಿದ. ಜನ ಉಳಿದರು. ಮಣಿಪಾಲದ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಕೂಸಪ್ಪ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೇ ತಂದ. "ತೂಕಡಿಸಿದ್ದಾನೆ ಅಯೋಗ್ಯ. ನೀವು ನೋಡಿದ ಬ್ರೇಕ್ ತಪ್ಪುತ್ತದಾ ಪೊರ್ಬುಗಳೇ? ಇನ್ನು ಅವನಿಗೆ ನನ್ನಲ್ಲಿ ಕೆಲಸವೂ ಇಲ್ಲ, ಒಂದು ಕಾಸೂ ಇಲ್ಲ."

ಅವನು ಹೋದ ಮೇಲೆ ಸಿಲ್ವೆಸ್ಟರ್ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮನ್ನು ಸುತ್ತಿಗೆಯಿಂದ ಬಡಿದು ಕಳಚಿದ. ಒಳಗೆ, ಪೆಡಲ್ ಒತ್ತಿದಾಗ ಬ್ರೇಕನ್ನು ತಳ್ಳುವ ಪುಟ್ಟ ಸಿಲಿಂಡರಿನ ಪಿಸ್ಟನ್ ಮೀನಿನ ಉಪ್ಪುನೀರಿಗೆ ತುಕ್ಕು ತಿಂದು ಕಚ್ಚಿಕೊಂಡಿತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನೊಂದು ಬದಿಯದ್ದೂ ಹಾಗೆಯೇ. ಅಲುಗದ್ದಕ್ಕೇ ಪೆಡಲ್ ಗಟ್ಟಿಯಾಗಿತ್ತು. ಯಾವ ನೀರನ್ನು ತೋರಿಸಿ ಅವನು ಬೂಬನನ್ನು ಗೇಲಿ ಮಾಡಿದ್ದನೋ, ಅದೇ ನೀರಿನ ಕೆಲಸ ಇದು. ಸಿಲ್ವೆಸ್ಟರ್ ಒಂದು ಸಿಲಿಂಡರನ್ನು ಬಿಚ್ಚಿ ತೆಗೆದಿಟ್ಟ.

ಆ ದಿನವೇ ಕೂಸಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನವೂ ಬಾಯಿ ಬರಲಿಲ್ಲ. ಗ್ಯಾರೇಜಿನ ಹೆಸರು ಅಡ್ಡ ಬಂತು ಅಷ್ಟೇ, ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಥೂ, ಎಂಥ ಹೆಸರು ಅದು! ಕೊನೆಗೆ ಎಂಟನೇ ದಿನ ಆ ಸಿಲಿಂಡರನ್ನು ಕಿಸೆಗೆ ಹಾಕಿಕೊಂಡು ಮಣಿಪಾಲದ ಬಸ್ಸು ಹತ್ತಿದ.

ಅವನನ್ನು ಕಂಡದ್ದೇ ಬೂಬ ಹಾಸಿಗೆಯಲ್ಲಿ ಏಳಲು ನೋಡಿದ. "ನೀವು ಅವತ್ತೇ ಹೇಳಿದ್ದಿರಿ ಪೊರ್ಬುಗಳೇ. ಕಾಲಿಗೆ ಬಲ ಸಾಲಲಿಲ್ಲ. ಸೀಟಿನಿಂದ ಎದ್ದು ನಿಂತು ಒತ್ತಿದೆ, ದೇವರಾಣೆ. ಆದರೂ ಸಾಲಲಿಲ್ಲ."

ಸಿಲ್ವೆಸ್ಟರ್ ಸಿಲಿಂಡರನ್ನು ಅವನ ಅಂಗೈಯಲ್ಲಿಟ್ಟ. "ನಿನ್ನ ಕಾಲಲ್ಲ ಬೂಬ, ಇದು. ಹಿಂದಿನ ಎರಡೂ ಕಚ್ಚಿಕೊಂಡಿತ್ತು, ನೀನು ಹೇಳಿದ ಹಾಗೆಯೇ. ಬಿಚ್ಚಿ ನೋಡದೆ ನಿನ್ನನ್ನು ಕಳಿಸಿದ್ದು ನಾನು. ಇವತ್ತು ಕೂಸಪ್ಪನ ಮನೆಗೆ ಹೋಗಿ ಹೇಳುತ್ತೇನೆ."

ಬೂಬ ಹೆಬ್ಬೆರಳಿನಿಂದ ಪಿಸ್ಟನ್ನನ್ನು ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ.

"ಹಾಗಾದರೆ ನನ್ನ ಕಾಲು ಸರಿಯೇ ಇತ್ತು, ಅಲ್ವಾ?"

"ಸರಿಯೇ ಇತ್ತು."

ಬೈದಿದ್ದರೆ ಸಿಲ್ವೆಸ್ಟರ್ ಹೇಗಾದರೂ ತಡೆದುಕೊಳ್ಳುತ್ತಿದ್ದ. ಬೂಬ ಬೈಯಲಿಲ್ಲ.

"ಒಂದು ಉಪಕಾರ ಮಾಡಿ. ನಾನು ತೂಕಡಿಸಿದೆ ಎಂದು ನನ್ನ ಹೆಂಡತಿ ರತ್ನಾವತಿಯೂ ನಂಬಿದ್ದಾಳೆ. ಸಂಜೆ ಬರುತ್ತಾಳೆ. ಅವಳ ಎದುರು ಒಮ್ಮೆ ಹೇಳಿ ಹೋಗಿ."

ಗಂಟೆ ಆಗ ಹನ್ನೊಂದು. ಸಿಲ್ವೆಸ್ಟರ್ ಸ್ಟೂಲು ಎಳೆದುಕೊಂಡು ಅಲ್ಲಿಯೇ ಕೂತ.